ನಿಮ್ಮ ನಿದ್ದೆಗೆ ಎಷ್ಟು ಮಾರ್ಕ್ಸ್?

ಜ್ವರಕ್ಕೆ ಥರ್ಮಾಮೀಟರ್ ಇದೆ, ಬಿ.ಪಿ.ಗೆ ಪಟ್ಟಿ ಇದೆ, ಶುಗರ್‌ಗೆ ರಕ್ತಪರೀಕ್ಷೆ ಇದೆ. ನಿದ್ದೆಗೆ? ಅದಕ್ಕೂ ಅಳತೆ ಇದೆ! ನಿದ್ದೆ ಮಾತ್ರೆಗೆ ಕೈಚಾಚುವ ಮೊದಲು ಆ ಅಳತೆ ಏನೆಂದು ಒಮ್ಮೆ ತಿಳಿದುಕೊಳ್ಳಿ.

"ಹತ್ತಕ್ಕೇ ಮಲಗ್ತೀನಿ ಕಣ್ರೀ, ಹನ್ನೆರಡಾದ್ರೂ ಕಣ್ಣಿಗೆ ಕಣ್ಣು ಹತ್ತಲ್ಲ..."

"ನಂಗೆ ಮಲಗಿದ ತಕ್ಷಣ ನಿದ್ದೆ ಬರತ್ತೆ. ಆದ್ರೆ ಮೂರು ಗಂಟೆಗೆ ಎಚ್ಚರ ಆದ್ರೆ ಮುಗೀತು, ಹಾಲಿನವನು ಬರೋವರೆಗೂ ಜಾಗರಣೆ."

"ನಿಮ್ದೇ ವಾಸಿ. ನಾನು ಎಂಟು ಗಂಟೆ ಹೊಡೆದುಬಿಟ್ಟ ಹಾಗೆ ಮಲಗ್ತೀನಿ, ಆದ್ರೂ ಬೆಳಿಗ್ಗೆ ಏಳೋವಾಗ್ಲೇ ಸುಸ್ತು. ತಲೆ ಭಾರ. ಹಗಲೆಲ್ಲ ತೂಕಡಿಕೆ."

ತರಕಾರಿ ಗಾಡಿಯ ಮುಂದೆ, ಸ್ಕೂಲ್ ಗೇಟಿನ ಹತ್ತಿರ, ಮದುವೆ ಮನೆಯ ಊಟದ ಪಂಕ್ತಿಯಲ್ಲಿ ನಾವು ಹೆಂಗಸರು ಆಡುವ ಮಾತುಗಳಿವು. ಮೂರೂ ಕೇಳಲು ಒಂದೇ ಥರ ಇವೆ, ಅಲ್ವೇ? ಮನೆಯಲ್ಲಿ ಸಿಗುವ ಉತ್ತರವೂ ಒಂದೇ. "ಸುಮ್ನೆ ಏನೇನೋ ಯೋಚನೆ ಮಾಡ್ತೀಯ, ಅದಕ್ಕೇ" ಅನ್ನುತ್ತಾರೆ ಗಂಡ. ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂಬ ಗಾದೆಯನ್ನು ಅತ್ತೆ ನೆನಪಿಸುತ್ತಾರೆ. ತೀರಾ ಕಾಟ ಹೆಚ್ಚಾದರೆ ಪಕ್ಕದ ಮನೆಯವರು ನುಂಗುವ ಮಾತ್ರೆಯ ಹೆಸರು ಚೀಟಿಯಲ್ಲಿ ಬರೆದುಕೊಂಡು ಮೆಡಿಕಲ್ ಶಾಪಿಗೆ ಹೋಗುವುದೂ ಉಂಟು.

ಆದರೆ ಡಾಕ್ಟರ ಕಣ್ಣಲ್ಲಿ ಈ ಮೂರೂ ಬೇರೆ ಬೇರೆ. ಮೊದಲಿನದು ನಿದ್ದೆ ಹತ್ತದ ತೊಂದರೆ. ಎರಡನೆಯದು ನಿದ್ದೆ ಉಳಿಯದ ತೊಂದರೆ. ಮೂರನೆಯದು ಗಂಟೆ ಲೆಕ್ಕದಲ್ಲಿ ಭರ್ತಿಯಾದರೂ ಗುಣದಲ್ಲಿ ಸೋತ ನಿದ್ದೆ. ಇದರ ಹಿಂದೆ ಉಸಿರಾಟದ ತೊಂದರೆ ಇರಬಹುದು. ಹಾಗಿದ್ದಾಗ ಕೆಲವು ಬಗೆಯ ನಿದ್ದೆ ಮಾತ್ರೆಗಳು ಗಂಟಲಿನ ಸ್ನಾಯುಗಳನ್ನು ಇನ್ನಷ್ಟು ಸಡಿಲ ಮಾಡಿ ತೊಂದರೆಯನ್ನು ಹೆಚ್ಚಿಸುತ್ತವೆ. ಒಬ್ಬರಿಗೆ ಬರೆದುಕೊಟ್ಟ ಮಾತ್ರೆ ಇನ್ನೊಬ್ಬರಿಗೆ ಅಪಾಯ ಆಗುವುದು ಹೀಗೆ. ಆದ್ದರಿಂದಲೇ ಮೊದಲು ಅಳತೆ, ಆಮೇಲೆ ಔಷಧಿ.

ಒಳ್ಳೆಯ ನಿದ್ದೆ ಅಂದರೆ ಏನು?

ವಯಸ್ಕರಿಗೆ ರಾತ್ರಿ ಏಳು ಗಂಟೆಗೆ ಕಡಿಮೆಯಿಲ್ಲದ ನಿದ್ದೆ ಬೇಕು ಎನ್ನುತ್ತಾರೆ ತಜ್ಞರು. ಆದರೆ ಬರೀ ಗಂಟೆ ಎಣಿಸಿದರೆ ಸಾಲದು. ನಿದ್ದೆ ಎಂದರೆ ದೀಪ ಆರಿಸಿದ ಹಾಗೆ ಒಂದೇ ಸ್ಥಿತಿ ಅಲ್ಲ. ಮೊದಲು ಜೋಂಪು, ನಂತರ ಹಗುರ ನಿದ್ದೆ, ಆಮೇಲೆ ಗಾಢ ನಿದ್ದೆ, ಕೊನೆಗೆ ಕನಸಿನ ನಿದ್ದೆ. ಈ ಸುತ್ತು ಮುಗಿಯಲು ಸುಮಾರು ಒಂದೂವರೆ ಗಂಟೆ ಬೇಕು. ರಾತ್ರಿಗೆ ಇಂಥ ನಾಲ್ಕೈದು ಸುತ್ತುಗಳು ಆಗಬೇಕು. ಗಾಢ ನಿದ್ದೆ ಹೆಚ್ಚಾಗಿ ರಾತ್ರಿಯ ಮೊದಲ ಭಾಗದಲ್ಲಿ ಬಂದರೆ, ಕನಸಿನ ನಿದ್ದೆ ಬೆಳಗಿನ ಜಾವಕ್ಕೆ ಉದ್ದವಾಗುತ್ತದೆ.

ಕನಸಿನ ನಿದ್ದೆಯಲ್ಲಿ ಮುಚ್ಚಿದ ರೆಪ್ಪೆಯೊಳಗೆ ಕಣ್ಣುಗುಡ್ಡೆ ಸರಸರ ಓಡಾಡುತ್ತದೆ. ತೊಟ್ಟಿಲಲ್ಲಿ ಮಲಗಿದ ಕೂಸಿನ ಮುಖ ನೋಡಿದವರಿಗೆ ಇದು ಹೊಸದಲ್ಲ. ಆದರೆ ಇದನ್ನು ನಿದ್ದೆಯ ಪ್ರತ್ಯೇಕ ಹಂತ ಎಂದು ವಿಜ್ಞಾನ ಗುರುತಿಸಿದ್ದು 1953ರಲ್ಲಿ. ಷಿಕಾಗೋ ವಿಶ್ವವಿದ್ಯಾಲಯದ ಯೂಜೀನ್ ಅಸೆರಿನ್ಸ್‌ಕಿ ಮತ್ತು ನಥಾನಿಯಲ್ ಕ್ಲೈಟ್‌ಮನ್ ಇದನ್ನು ಪ್ರಕಟಿಸಿದರು. ರೆಮ್ ನಿದ್ದೆ ಅನ್ನುವುದು ಇದನ್ನೇ.

ನಿದ್ದೆಯ ಗುಣ ಅಳೆಯುವಾಗ ಡಾಕ್ಟರು ನೋಡುವುದು ಇಷ್ಟು: ಮಲಗಿದ ಮೇಲೆ ನಿದ್ದೆ ಹತ್ತಲು ಎಷ್ಟು ಹೊತ್ತು? ನಡುವೆ ಎಷ್ಟು ಸಲ, ಎಷ್ಟು ಹೊತ್ತು ಎಚ್ಚರ? ಹಂತಗಳು ಸರಿಯಾಗಿ ಬಂದಿವೆಯೇ? ಮತ್ತು ಎಲ್ಲಕ್ಕಿಂತ ಮುಖ್ಯವಾಗಿ, ಮರುದಿನ ಹಗಲು ಹೇಗಿತ್ತು?

ಮೊದಲ ಅಳತೆಗೋಲು ಒಂದು ನೋಟ್‌ಬುಕ್!

ದುಬಾರಿ ಯಂತ್ರ ಎಲ್ಲ ಆಮೇಲೆ. ಮಕ್ಕಳ ಹಳೇ ನೋಟ್‌ಬುಕ್ಕಿನಲ್ಲಿ ಉಳಿದ ನಾಲ್ಕು ಹಾಳೆ ಸಾಕು. ಎರಡು ವಾರ ದಿನಾ ಬೆಳಿಗ್ಗೆ ಕಾಫಿ ಕುಡಿಯುವಾಗ ಇಷ್ಟು ಬರೆದಿಡಿ. ಎಷ್ಟು ಗಂಟೆಗೆ ಹಾಸಿಗೆಗೆ ಹೋದಿರಿ, ನಿದ್ದೆ ಹತ್ತಲು ಅಂದಾಜು ಎಷ್ಟು ನಿಮಿಷ ಆಯಿತು, ಎಷ್ಟು ಸಲ ಎಚ್ಚರವಾಯಿತು, ಎಚ್ಚರದಲ್ಲಿ ಕಳೆದದ್ದು ಎಷ್ಟು ಹೊತ್ತು, ಎಷ್ಟಕ್ಕೆ ಎದ್ದಿರಿ. ಹಿಂದಿನ ದಿನ ಮಧ್ಯಾಹ್ನ ಮಲಗಿದ್ದರೆ ಅದನ್ನೂ, ಸಂಜೆಯ ಕಾಫಿ ಟೀಯನ್ನೂ, ನುಂಗಿದ ಮಾತ್ರೆಯನ್ನೂ ಬರೆಯಿರಿ. ಮುಟ್ಟಿನ ದಿನಗಳಿಗೆ ಒಂದು ಗುರುತು ಹಾಕಿ. ರಾತ್ರಿ ಪದೇ ಪದೇ ಗಡಿಯಾರ ನೋಡಲು ಮಾತ್ರ ಹೋಗಬೇಡಿ. ಅದರಿಂದಲೇ ಇರುವ ನಿದ್ದೆಯೂ ಓಡಿಹೋಗುತ್ತದೆ. ಬೆಳಗಿನ ಅಂದಾಜೇ ಸಾಕು.

ಇದಕ್ಕೆ ಸ್ಲೀಪ್ ಡೈರಿ ಎಂದು ಹೆಸರು. ನಿದ್ರಾಹೀನತೆಯ ಪರೀಕ್ಷೆಯಲ್ಲಿ ಇದಕ್ಕೆ ದೊಡ್ಡ ಸ್ಥಾನವೇ ಇದೆ.

ಈಗ ಒಂದು ಪುಟ್ಟ ಲೆಕ್ಕ. ನೀವು ರಾತ್ರಿ 10ಕ್ಕೆ ಮಲಗಿ ಬೆಳಿಗ್ಗೆ 5.30ಕ್ಕೆ ಎದ್ದಿರಿ ಅನ್ನಿ. ಹಾಸಿಗೆಯಲ್ಲಿ ಇದ್ದದ್ದು 450 ನಿಮಿಷ. ನಿದ್ದೆ ಹತ್ತಲು 45 ನಿಮಿಷ, ನಡುವೆ ಎಚ್ಚರ 75 ನಿಮಿಷ. ಕಳೆದರೆ ಉಳಿದ ನಿಜವಾದ ನಿದ್ದೆ 330 ನಿಮಿಷ. 330ನ್ನು 450ರಿಂದ ಭಾಗಿಸಿ 100ರಿಂದ ಗುಣಿಸಿದರೆ ಸುಮಾರು 73. ಇದೇ ನಿಮ್ಮ ನಿದ್ದೆಯ ದಕ್ಷತೆ. ಶೇ. 85 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಒಳ್ಳೆಯದು. ಇನ್ನು, ನಿದ್ದೆ ಹತ್ತಲು ಅರ್ಧ ಗಂಟೆಯೊಳಗೆ ಆದರೆ ಚಿಂತೆ ಇಲ್ಲ. ಒಂದೆರಡು ರಾತ್ರಿ ಕೆಟ್ಟ ಮಾತ್ರಕ್ಕೆ ಹೆದರಬೇಕಾಗಿಯೂ ಇಲ್ಲ. ವಾರಕ್ಕೆ ಮೂರು ರಾತ್ರಿಯಾದರೂ, ಮೂರು ತಿಂಗಳಿನಿಂದ, ಮಲಗಲು ಅವಕಾಶ ಇದ್ದೂ ನಿದ್ದೆ ಸರಿಬಾರದೆ ಹಗಲಿನ ಕೆಲಸಕ್ಕೆ ತೊಂದರೆ ಆಗುತ್ತಿದ್ದರೆ ಆಗ ಅದನ್ನು ದೀರ್ಘಕಾಲದ ನಿದ್ರಾಹೀನತೆ ಎನ್ನುತ್ತಾರೆ.

"ಮಲಗಲು ಅವಕಾಶ ಇದ್ದೂ" ಎಂಬ ಮಾತನ್ನು ಗಮನಿಸಿ. ರಾತ್ರಿ ಹನ್ನೊಂದೂವರೆಗೆ ಪಾತ್ರೆ ತೊಳೆದು, ಹಿಟ್ಟು ರುಬ್ಬಿಟ್ಟು, ನಾಲ್ಕೂವರೆಗೆ ನೀರು ಹಿಡಿಯಲು ಏಳುವವಳಿಗೆ ಇರುವುದು ರೋಗವಲ್ಲ, ಸಮಯದ ಅಭಾವ. ಅದಕ್ಕೆ ಮದ್ದು ಮಾತ್ರೆಯಲ್ಲಿ ಇಲ್ಲ. ಮನೆಯ ಇತರರು ಹಂಚಿಕೊಳ್ಳುವ ಕೆಲಸದಲ್ಲಿದೆ. ಡೈರಿ ಬರೆದರೆ ಇದೂ ಕಣ್ಣಿಗೆ ರಾಚುತ್ತದೆ. ಆ ಹಾಳೆಯನ್ನು ನಿಮ್ಮವರಿಗೂ ತೋರಿಸಿ!

ಪ್ರಶ್ನೆಪತ್ರಿಕೆಗಳೂ ಇವೆ

ಡಾಕ್ಟರು ಕೆಲವು ಪ್ರಶ್ನೆಗಳ ಹಾಳೆ ಕೊಟ್ಟು ತುಂಬಿಸಲು ಹೇಳಬಹುದು. ಇಲ್ಲಿ ಒಂದು ತಮಾಷೆ ಇದೆ. ಸ್ಕೂಲ್ ಪರೀಕ್ಷೆಯ ಹಾಗಲ್ಲ, ಮಾರ್ಕ್ಸ್ ಹೆಚ್ಚಿದಷ್ಟೂ ಕೆಟ್ಟದ್ದು.

ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ 1989ರಲ್ಲಿ ತಯಾರಾದ ಪ್ರಶ್ನಾವಳಿ ಹಿಂದಿನ ಒಂದು ತಿಂಗಳ ನಿದ್ದೆಯನ್ನು ಏಳು ಭಾಗ ಮಾಡಿ ಅಳೆಯುತ್ತದೆ. ಗುಣ, ಹತ್ತಲು ಬೇಕಾದ ಹೊತ್ತು, ಒಟ್ಟು ಅವಧಿ, ದಕ್ಷತೆ, ಅಡಚಣೆಗಳು, ಮಾತ್ರೆಯ ಬಳಕೆ, ಹಗಲಿನ ತೊಂದರೆ. ಒಂದೊಂದಕ್ಕೂ ಸೊನ್ನೆಯಿಂದ 3. ಒಟ್ಟು 21ರಲ್ಲಿ 5 ದಾಟಿದರೆ ನಿದ್ದೆಯ ಗುಣ ಸರಿಯಿಲ್ಲ ಎಂದರ್ಥ.

ಇನ್ನೊಂದು ಎಪ್‌ವರ್ತ್ ಮಾಪಕ. ಆಸ್ಟ್ರೇಲಿಯಾದ ಮೆಲ್ಬರ್ನ್‌ನ ಎಪ್‌ವರ್ತ್ ಆಸ್ಪತ್ರೆಯಲ್ಲಿದ್ದ ಡಾ. ಮರ್ರೆ ಜಾನ್ಸ್ ರೂಪಿಸಿ 1991ರಲ್ಲಿ ಪ್ರಕಟಿಸಿದ್ದು. ಇದು ಅಳೆಯುವುದು ಹಗಲಿನ ತೂಕಡಿಕೆಯನ್ನು. ಓದುತ್ತಾ ಕುಳಿತಾಗ, ಟೀವಿ ನೋಡುವಾಗ, ಒಂದು ಗಂಟೆ ಕಾರಿನಲ್ಲಿ ಪ್ರಯಾಣ ಮಾಡುವಾಗ, ಊಟವಾದ ಮೇಲೆ ಸುಮ್ಮನೆ ಕುಳಿತಾಗ, ಹೀಗೆ ಎಂಟು ಸಂದರ್ಭಗಳಲ್ಲಿ ಜೋಂಪು ಹತ್ತುವ ಸಾಧ್ಯತೆ ಎಷ್ಟು ಎಂದು ನೀವೇ ಅಂಕ ಕೊಡಬೇಕು. ಒಟ್ಟು 24. 10ಕ್ಕಿಂತ ಹೆಚ್ಚಾದರೆ ವಿಚಾರ ಮಾಡಬೇಕು.

"ಅಯ್ಯೋ, ನಾನೆಲ್ಲಿ ಕೂರ್ತೀನಿ, ನಿಂತೇ ಇರ್ತೀನಲ್ಲ" ಅಂತ ಎಲ್ಲದಕ್ಕೂ ಸೊನ್ನೆ ಹಾಕಿಬಿಡಬೇಡಿ. ಹಾಗೆ ಕೂರುವ ಸಂದರ್ಭ ಇತ್ತೀಚೆಗೆ ಬಂದಿಲ್ಲದಿದ್ದರೆ, ಬಂದರೆ ಏನಾಗಬಹುದು ಎಂದು ಊಹಿಸಿ ಅಂಕ ಕೊಡಬೇಕೆಂದೇ ಆ ಹಾಳೆಯಲ್ಲಿದೆ. ಇನ್ನೊಂದು ವಿಷಯ. ಸುಸ್ತು ಬೇರೆ, ತೂಕಡಿಕೆ ಬೇರೆ. ಕೈಕಾಲು ಸೋತರೂ ಮಧ್ಯಾಹ್ನ ಮಲಗಿದರೆ ನಿದ್ದೆ ಬರದಿರುವುದು ಸುಸ್ತು. ಕುಳಿತಲ್ಲೇ ಕಣ್ಣು ಎಳೆಯುವುದು ತೂಕಡಿಕೆ. ಎರಡಕ್ಕೂ ಕಾರಣಗಳು ಬೇರೆಯಾಗಿರಬಹುದು. ಡಾಕ್ಟರ ಮುಂದೆ ಬಿಡಿಸಿ ಹೇಳಿ.

ಗೊರಕೆ ಗಂಡಸರಿಗೆ ಮಾತ್ರವೇ?

ನಾವು ಹೆಂಗಸರು ತಿಳಿದುಕೊಳ್ಳಲೇಬೇಕಾದ ವಿಷಯ ಇದು. ನಿದ್ದೆಯಲ್ಲಿ ಗಂಟಲಿನ ದಾರಿ ಮುಚ್ಚಿಕೊಂಡು ಉಸಿರು ಆಗಾಗ ನಿಲ್ಲುವ ತೊಂದರೆಗೆ ಸ್ಲೀಪ್ ಆಪ್ನಿಯಾ ಎನ್ನುತ್ತಾರೆ. ಉಸಿರು ನಿಂತಾಗ ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ, ಮೆದುಳು ಗಾಬರಿಯಿಂದ ಕ್ಷಣಕಾಲ ಎಚ್ಚರಿಸುತ್ತದೆ, ಮತ್ತೆ ನಿದ್ದೆ. ಬೆಳಿಗ್ಗೆ ನಿಮಗೆ ಒಂದೂ ನೆನಪಿರುವುದಿಲ್ಲ. ಎಂಟು ಗಂಟೆ ಮಲಗಿದೆ ಅಂದುಕೊಂಡಿರುತ್ತೀರಿ. ಇದನ್ನು ಹಾಗೇ ಬಿಟ್ಟರೆ ಬಿ.ಪಿ., ಹೃದಯದ ತೊಂದರೆಗಳ ಅಪಾಯ ಹೆಚ್ಚುತ್ತದೆ.

ಇದರ ಸುಳಿವು ಹಿಡಿಯಲು ಸ್ಟಾಪ್-ಬ್ಯಾಂಗ್ ಎಂಬ ಎಂಟು ಪ್ರಶ್ನೆಗಳ ಹಾಳೆ ಬಳಕೆಯಲ್ಲಿದೆ. ಕೆನಡಾದಲ್ಲಿ ತಯಾರಾಗಿ 2008ರಲ್ಲಿ ಪ್ರಕಟವಾದದ್ದು. ಜೋರು ಗೊರಕೆ ಇದೆಯೇ? ಹಗಲು ಆಯಾಸವೇ? ನಿದ್ದೆಯಲ್ಲಿ ಉಸಿರು ನಿಂತದ್ದನ್ನು ಯಾರಾದರೂ ನೋಡಿದ್ದಾರೆಯೇ? ಬಿ.ಪಿ. ಇದೆಯೇ? ತೂಕ ತುಂಬಾ ಹೆಚ್ಚೇ? ವಯಸ್ಸು 50 ದಾಟಿದೆಯೇ? ಕತ್ತು ದಪ್ಪವೇ? ಗಂಡಸೇ? ಮೂರಕ್ಕೆ ಹೌದು ಎಂದರೆ ಅಪಾಯ ಸ್ವಲ್ಪ ಇದೆ, ಐದು ಅಥವಾ ಹೆಚ್ಚಾದರೆ ಜಾಸ್ತಿ ಇದೆ ಎಂದು ಲೆಕ್ಕ.

ಕೊನೆಯ ಪ್ರಶ್ನೆ ನೋಡಿದಿರಾ? ಹೆಣ್ಣಾದವಳಿಗೆ ಅಲ್ಲೇ ಒಂದು ಅಂಕ ಕಡಿಮೆ! ಗಂಡಸರಲ್ಲಿ ಈ ತೊಂದರೆ ಹೆಚ್ಚು ಎಂಬುದು ನಿಜವೇ. ಆದರೆ ಮುಟ್ಟು ನಿಂತ ಮೇಲೆ ಹೆಂಗಸರಲ್ಲೂ ಇದು ಹೆಚ್ಚುತ್ತದೆ. ನಮ್ಮಂಥ ಏಷ್ಯಾದವರಲ್ಲಿ ಅಷ್ಟೇನೂ ದಪ್ಪ ಇಲ್ಲದವರಿಗೂ ಬರುತ್ತದೆ. ಅದೂ ಅಲ್ಲದೆ ಹೆಂಗಸರು ಗೊರಕೆಯ ಮಾತು ಎತ್ತುವುದು ಕಡಿಮೆ. ನಿದ್ದೆ ಬರಲ್ಲ, ಸುಸ್ತು, ಬೆಳಿಗ್ಗೆ ತಲೆನೋವು, ಮನಸ್ಸಿಗೆ ಬೇಜಾರು ಎನ್ನುತ್ತಾರೆ. ಡಾಕ್ಟರಿಗೆ ಅದು ಖಿನ್ನತೆ ಅಥವಾ ಟೆನ್ಷನ್ ಅನ್ನಿಸಬಹುದು. ಇನ್ನು ರಾತ್ರಿ ಹೆಂಡತಿಯ ಉಸಿರು ನಿಂತದ್ದನ್ನು ನೋಡುವವರು ಯಾರು? ಪಕ್ಕದಲ್ಲಿರುವವರು ತಾವೇ ಗೊರಕೆ ಹೊಡೆಯುತ್ತಿರುತ್ತಾರೆ! ಹೀಗಾಗಿ ಎಷ್ಟೋ ಹೆಂಗಸರಲ್ಲಿ ಈ ತೊಂದರೆ ಪತ್ತೆಯಾಗದೇ ಉಳಿಯುತ್ತದೆ.

ಆದ್ದರಿಂದ ನಾಚಿಕೆ ಬಿಡಿ. "ಹೆಣ್ಣಾಗಿ ಗೊರಕೆನಾ" ಎಂದು ನಗುವವರು ನಗಲಿ. ಮಗಳಿಗೋ ತಂಗಿಗೋ ಹೇಳಿ ಒಂದು ರಾತ್ರಿ ಐದು ನಿಮಿಷ ಮೊಬೈಲಿನಲ್ಲಿ ವಿಡಿಯೋ ಮಾಡಿಸಿ. ಗೊರಕೆ ನಡುವೆ ಥಟ್ಟನೆ ನಿಶ್ಶಬ್ದ, ಆಮೇಲೆ ಏದುಸಿರು ಬಿಡುವುದು ಕಂಡರೆ ಅದನ್ನು ಡಾಕ್ಟರಿಗೆ ತೋರಿಸಿ. ಬಸುರಿಯರು ಹೊಸದಾಗಿ ಗೊರಕೆ ಶುರುವಾದರೆ ಹೆರಿಗೆ ಡಾಕ್ಟರಿಗೆ ಹೇಳಲೇಬೇಕು. ಬಸುರಿನ ಬಿ.ಪಿ.ಗೂ ಗೊರಕೆಗೂ ನಂಟಿದೆ.

ರಕ್ತ ಪರೀಕ್ಷೆಯೂ ಬೇಕಾಗಬಹುದು

ಸಂಜೆಯಾದರೆ, ಹಾಸಿಗೆಗೆ ಬಿದ್ದರೆ ಕಾಲೊಳಗೆ ಇರುವೆ ಹರಿದ ಹಾಗೆ, ಎಳೆದ ಹಾಗೆ ಆಗಿ ಆಡಿಸದೇ ಇರಲಾಗುವುದಿಲ್ಲವೇ? ಎದ್ದು ನಾಲ್ಕು ಹೆಜ್ಜೆ ನಡೆದರೆ ಹಾಯೆನಿಸುತ್ತದೆಯೇ? ಇದು ಚಡಪಡಿಸುವ ಕಾಲಿನ ತೊಂದರೆ ಇರಬಹುದು. ಹೆಂಗಸರಲ್ಲಿ, ಅದರಲ್ಲೂ ಬಸುರಿಯರಲ್ಲಿ ಹೆಚ್ಚು. ಕಬ್ಬಿಣಾಂಶದ ಕೊರತೆ ಇದಕ್ಕೊಂದು ಮುಖ್ಯ ಕಾರಣ. ಹಿಮೋಗ್ಲೋಬಿನ್ ಸರಿ ಇದ್ದರೂ ದೇಹದ ಕಬ್ಬಿಣದ ದಾಸ್ತಾನು ಖಾಲಿಯಾಗಿರಬಹುದು. ಅದನ್ನು ತಿಳಿಯಲು ಫೆರಿಟಿನ್ ಎಂಬ ಪರೀಕ್ಷೆ ಇದೆ. ಜತೆಗೆ ಥೈರಾಯ್ಡ್, ಶುಗರ್ ನೋಡುವುದೂ ಉಂಟು. ಕಬ್ಬಿಣದ ಮಾತ್ರೆಯನ್ನು ನೀವೇ ಶುರು ಮಾಡಬೇಡಿ, ಡಾಕ್ಟರು ಹೇಳಲಿ.

ಸ್ಲೀಪ್ ಲ್ಯಾಬಿನಲ್ಲಿ ಒಂದು ರಾತ್ರಿ

ಆಪ್ನಿಯಾದಂಥ ತೊಂದರೆಯ ಅನುಮಾನ ಬಂದರೆ ಡಾಕ್ಟರು ಸ್ಲೀಪ್ ಸ್ಟಡಿ ಬರೆಯುತ್ತಾರೆ. ಇದರ ಪೂರ್ಣ ಹೆಸರು ಪಾಲಿಸೋಮ್ನೋಗ್ರಫಿ. ಹೆಸರು ಕೇಳಿ ಹೆದರಬೇಡಿ. ಸೂಜಿ ಚುಚ್ಚುವುದಿಲ್ಲ, ಕರೆಂಟ್ ಕೊಡುವುದಿಲ್ಲ. ನೀವು ಮಲಗುವುದು, ಯಂತ್ರ ಬರೆದುಕೊಳ್ಳುವುದು, ಅಷ್ಟೇ.

ಸಂಜೆ ಹೊತ್ತಿಗೆ ಹೋಗಬೇಕು. ಟೆಕ್ನಿಷಿಯನ್ ಟೇಪ್ ಹಿಡಿದು ತಲೆ ಅಳೆದು, ಗುರುತು ಹಾಕಿದ ಕಡೆ ಪೇಸ್ಟ್ ಹಚ್ಚಿ ಸಣ್ಣ ಸಣ್ಣ ತಂತಿ ಅಂಟಿಸುತ್ತಾರೆ. ತಲೆಯ ಮೇಲಿನವು ಮೆದುಳಿನ ಅಲೆಗಳಿಗೆ, ಕಣ್ಣಿನ ಪಕ್ಕದವು ಕಣ್ಣುಗುಡ್ಡೆಯ ಓಡಾಟಕ್ಕೆ, ಗಲ್ಲದ ಮೇಲಿನವು ಸ್ನಾಯು ಎಷ್ಟು ಬಿಗಿ ಎಂದು ನೋಡಲು, ಕಾಲಿನವು ಕಾಲು ಒದೆತ ನೋಡಲು. ಎದೆಗೆ ಇ.ಸಿ.ಜಿ. ತಂತಿ, ಎದೆ ಹೊಟ್ಟೆಗೆ ಒಂದೊಂದು ಬೆಲ್ಟ್, ಮೂಗಿನ ಬಳಿ ಉಸಿರು ಅಳೆಯುವ ಸಣ್ಣ ಕೊಳವೆ, ಬೆರಳಿಗೆ ಆಮ್ಲಜನಕ ಅಳೆಯುವ ಕ್ಲಿಪ್. ಕೋವಿಡ್ ಕಾಲದಲ್ಲಿ ಮನೆಮನೆಗೂ ಬಂದ ಆಕ್ಸಿಮೀಟರ್‌ನಂಥದ್ದೇ ಅದು. ಮಧ್ಯೆ ಬಾತ್‌ರೂಮಿಗೆ ಹೋಗಬೇಕಾದರೆ ಕರೆದರೆ ಬಂದು ಬಿಡಿಸಿಕೊಡುತ್ತಾರೆ.

"ಇಷ್ಟೆಲ್ಲ ಕಟ್ಟಿಕೊಂಡು ನಿದ್ದೆ ಎಲ್ಲಿಂದ ಬರಬೇಕು?" ಸಹಜವಾದ ಪ್ರಶ್ನೆ. ಹೊಸ ಜಾಗದಲ್ಲಿ ಮೊದಲ ರಾತ್ರಿ ನಿದ್ದೆ ಕೆಡುವುದು ಡಾಕ್ಟರಿಗೂ ಗೊತ್ತು. ಅಂಥ ರಾತ್ರಿ ಮೆದುಳಿನ ಅರ್ಧಭಾಗ ಇನ್ನೊಂದಕ್ಕಿಂತ ಹೆಚ್ಚು ಎಚ್ಚರವಾಗಿರುತ್ತದೆ ಎಂದು ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ತೋರಿಸಿದ್ದಾರೆ. ನೆಂಟರ ಮನೆಯಲ್ಲಿ ನಿದ್ದೆ ಬರದಿರುವುದು ಸುಳ್ಳಲ್ಲ! ಆದರೂ ಹೆಚ್ಚಿನವರಿಗೆ ಪರೀಕ್ಷೆಗೆ ಸಾಕಾಗುವಷ್ಟು ನಿದ್ದೆ ಬಂದೇ ಬರುತ್ತದೆ.

ಇಡೀ ರಾತ್ರಿಯ ದಾಖಲೆಯನ್ನು 30 ಸೆಕೆಂಡಿನ ತುಂಡುಗಳಾಗಿ ಮಾಡಿ ಒಂದೊಂದಕ್ಕೂ ಇದು ಎಚ್ಚರ, ಇದು ಗಾಢ ನಿದ್ದೆ, ಇದು ಕನಸಿನ ನಿದ್ದೆ ಎಂದು ಗುರುತು ಹಾಕುತ್ತಾರೆ. ಎಂಟು ಗಂಟೆಗೆ 960 ತುಂಡು. ಅಕ್ಕಿ ಆರಿಸಿದ ಹಾಗೆ!

ಆಪ್ನಿಯಾದ ಅನುಮಾನ ಬಲವಾಗಿದ್ದು ಬೇರೆ ಕಾಯಿಲೆಗಳಿಲ್ಲದವರಿಗೆ ಮನೆಯಲ್ಲೇ ಸಣ್ಣ ಯಂತ್ರ ಕಟ್ಟಿಕೊಂಡು ಮಲಗುವ ಪರೀಕ್ಷೆಯೂ ಇದೆ. ಸಾಮಾನ್ಯವಾಗಿ ಅದರಲ್ಲಿ ಉಸಿರು, ಆಮ್ಲಜನಕ ಗೊತ್ತಾಗುತ್ತದೆ. ಮೆದುಳಿನ ಅಲೆ ದಾಖಲಾಗುವುದಿಲ್ಲ. ಅದು ನಾರ್ಮಲ್ ಬಂದೂ ತೊಂದರೆ ಮುಂದುವರಿದರೆ ಲ್ಯಾಬಿನ ಪರೀಕ್ಷೆ ಬೇಕಾಗಬಹುದು. ಹಗಲಿನಲ್ಲಿ ತಡೆಯಲಾಗದ ನಿದ್ದೆ ಬರುವವರಿಗೆ ಮರುದಿನವೂ ಲ್ಯಾಬಿನಲ್ಲಿ ಉಳಿಸಿಕೊಂಡು, ಎರಡೆರಡು ಗಂಟೆಗೊಮ್ಮೆ ನಾಲ್ಕೈದು ಸಲ ಮಲಗಿಸಿ ಎಷ್ಟು ಬೇಗ ನಿದ್ದೆ ಹತ್ತುತ್ತದೆ ಎಂದು ನೋಡುತ್ತಾರೆ.

ಒಂದು ಮಾತು ನೆನಪಿರಲಿ. ಬರೀ ನಿದ್ದೆ ಹತ್ತದ ತೊಂದರೆಗೆ ಸಾಮಾನ್ಯವಾಗಿ ಈ ದೊಡ್ಡ ಪರೀಕ್ಷೆ ಬೇಕಿಲ್ಲ. ಡೈರಿ ಮತ್ತು ಮಾತುಕತೆ ಸಾಕು. ಯಾರಾದರೂ ಒತ್ತಾಯಿಸಿದರೆ "ಯಾಕೆ ಬೇಕು?" ಎಂದು ಕೇಳುವ ಹಕ್ಕು ನಿಮಗಿದೆ.

ರಿಪೋರ್ಟಿನಲ್ಲಿ ಏನು ನೋಡಬೇಕು?

ಮುಖ್ಯವಾದದ್ದು ಎ.ಎಚ್.ಐ. ಎಂಬ ಅಂಕಿ. ನಿದ್ದೆಯ ಪ್ರತಿ ಗಂಟೆಗೆ ಎಷ್ಟು ಸಲ ಉಸಿರು ನಿಂತಿತು ಅಥವಾ ತುಂಬಾ ಕಡಿಮೆಯಾಯಿತು ಎಂಬ ಲೆಕ್ಕ. ಕನಿಷ್ಠ 10 ಸೆಕೆಂಡ್ ಆದರೆ ಮಾತ್ರ ಎಣಿಕೆಗೆ ಬರುತ್ತದೆ. ವಯಸ್ಕರಲ್ಲಿ 5ಕ್ಕಿಂತ ಕಡಿಮೆ ಇದ್ದರೆ ಸಹಜ. 5ರಿಂದ 15ರೊಳಗೆ ಅಲ್ಪ, 15ರಿಂದ 30ರೊಳಗೆ ಮಧ್ಯಮ, 30 ಅಥವಾ ಮೇಲಾದರೆ ತೀವ್ರ. 30 ಅಂದರೆ ಎರಡು ನಿಮಿಷಕ್ಕೊಮ್ಮೆ ಉಸಿರಿಗೆ ತಡೆ! ಯೋಚಿಸಿ, ಹಗಲು ಸುಸ್ತಾಗದೆ ಇರುತ್ತದೆಯೇ?

ಆಮ್ಲಜನಕ ಎಷ್ಟಕ್ಕೆ ಇಳಿಯಿತು, ನಿದ್ದೆಯ ದಕ್ಷತೆ ಎಷ್ಟು, ಯಾವ ಹಂತ ಶೇಕಡಾ ಎಷ್ಟು ಎಂಬುದೂ ಇರುತ್ತದೆ. ಹಗುರ ನಿದ್ದೆ ಸುಮಾರು ಅರ್ಧ, ಕನಸಿನ ನಿದ್ದೆ ಶೇ. 20ರಿಂದ 25 ಇರುವುದು ಸಾಮಾನ್ಯ. ಗಾಢ ನಿದ್ದೆ ವಯಸ್ಸಾದಂತೆ ಕಡಿಮೆಯಾಗುತ್ತದೆ. ಹಾಗಾಗಿ ಎಪ್ಪತ್ತರ ಅತ್ತೆಯವರ ರಿಪೋರ್ಟನ್ನು ಮೂವತ್ತರ ಸೊಸೆಯದರ ಜತೆ ಹೋಲಿಸಬೇಡಿ.

ಕೈಗಡಿಯಾರದ ಮಾತು ನಂಬಬಹುದೇ?

ಈಗ ಸ್ಮಾರ್ಟ್ ವಾಚ್ ಕಟ್ಟಿಕೊಂಡರೆ ಬೆಳಿಗ್ಗೆ ಅಂಕ ಬರುತ್ತದೆ. ಅದು ನೋಡುವುದು ಕೈಯ ಅಲುಗಾಟ ಮತ್ತು ನಾಡಿಬಡಿತ. ಒಟ್ಟು ಎಷ್ಟು ಹೊತ್ತು ಮಲಗಿದಿರಿ ಎಂಬ ಅಂದಾಜಿಗೆ ಪರವಾಗಿಲ್ಲ. ಆದರೆ ನೀವು ಅಲುಗಾಡದೆ ಸೂರು ನೋಡುತ್ತಾ ಬಿದ್ದಿದ್ದರೂ ಅದು ನಿದ್ದೆ ಎಂದು ಬರೆದುಕೊಳ್ಳಬಹುದು. ಗಾಢ ನಿದ್ದೆ ಇಷ್ಟು, ಕನಸು ಇಷ್ಟು ಎಂಬ ಅದರ ಲೆಕ್ಕವನ್ನು ಪೂರ್ತಿ ನಂಬಬೇಡಿ. ವಾಚಿನ ಅಂಕ ನೋಡಿ ನೋಡಿಯೇ ನಿದ್ದೆ ಕೆಡಿಸಿಕೊಳ್ಳುವವರಿದ್ದಾರೆ. ಅದಕ್ಕೆ 2017ರಲ್ಲಿ ಸಂಶೋಧಕರು ಆರ್ಥೋಸೋಮ್ನಿಯಾ ಎಂದು ಹೆಸರನ್ನೂ ಇಟ್ಟಿದ್ದಾರೆ!

ಅಳತೆಯಾದ ಮೇಲೆ...

ಅಳೆದು ಬಿಟ್ಟರೆ ಮುಗಿಯಲಿಲ್ಲ, ಆದರೆ ದಾರಿ ಸರಿಯಾಗುತ್ತದೆ. ಆಪ್ನಿಯಾ ಇದ್ದರೆ ತೂಕ ಇಳಿಸುವುದು, ಮಲಗುವ ಮಗ್ಗುಲು ಬದಲಿಸುವುದು, ಗಾಳಿ ಒತ್ತುವ ಸಿಪ್ಯಾಪ್ ಯಂತ್ರ ಮುಂತಾದ ಚಿಕಿತ್ಸೆಗಳಿವೆ. ದೀರ್ಘಕಾಲದ ನಿದ್ರಾಹೀನತೆಗೆ ಮೊದಲು ಕೊಡಬೇಕಾದದ್ದು ಮಾತ್ರೆಯಲ್ಲ, ಮಲಗುವ ಅಭ್ಯಾಸ ಮತ್ತು ಆಲೋಚನೆ ತಿದ್ದುವ ವಿಶೇಷ ಚಿಕಿತ್ಸೆ ಎಂದು ಅಮೆರಿಕದ ವೈದ್ಯರ ಸಂಘಟನೆ 2016ರಲ್ಲೇ ಹೇಳಿದೆ. ಈಗಾಗಲೇ ದಿನಾ ನಿದ್ದೆ ಮಾತ್ರೆ ನುಂಗುತ್ತಿದ್ದರೆ ಇದನ್ನು ಓದಿ ಇವತ್ತೇ ನಿಲ್ಲಿಸಿಬಿಡಬೇಡಿ. ಥಟ್ಟನೆ ಬಿಟ್ಟರೆ ತೊಂದರೆ ಆಗಬಹುದು. ಡಾಕ್ಟರ ಸಲಹೆಯಂತೆ ನಿಧಾನವಾಗಿ ಇಳಿಸಬೇಕು.

ಮೊದಲು ಫ್ಯಾಮಿಲಿ ಡಾಕ್ಟರ ಹತ್ತಿರವೇ ಹೋಗಿ. ಅಗತ್ಯವಿದ್ದರೆ ಅವರು ಶ್ವಾಸಕೋಶ, ಕಿವಿ-ಮೂಗು-ಗಂಟಲು, ನರರೋಗ ಅಥವಾ ಮನೋರೋಗ ತಜ್ಞರ ಬಳಿ ಕಳಿಸುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನಿದ್ದೆಯ ಅಧ್ಯಯನಕ್ಕೆಂದೇ ಪ್ರಯೋಗಾಲಯವಿದೆ. ದೊಡ್ಡ ಊರುಗಳ ಅನೇಕ ಆಸ್ಪತ್ರೆಗಳಲ್ಲೂ ಸ್ಲೀಪ್ ಲ್ಯಾಬ್ ಇದೆ. ಖರ್ಚೆಷ್ಟು, ವಿಮೆಯಲ್ಲಿ ಬರುತ್ತದೆಯೇ ಎಂದು ಮೊದಲೇ ವಿಚಾರಿಸಿ.

ಕೆಲವಕ್ಕೆ ಕಾಯಬಾರದು. ಸ್ಕೂಟರ್ ಓಡಿಸುವಾಗ ಕಣ್ಣು ಎಳೆದರೆ, ಉಸಿರು ಕಟ್ಟಿ ಥಟ್ಟನೆ ಎದ್ದು ಕೂರುವಂತಾದರೆ, ಬಾಣಂತಿಗೆ ಮಗು ಮಲಗಿದಾಗಲೂ ನಿದ್ದೆ ಬಾರದೆ ಅಳು ಬರುತ್ತಿದ್ದರೆ, ಬದುಕೇ ಬೇಡ ಎನ್ನಿಸಿದರೆ ಡೈರಿ ಗೀರಿ ಬಿಟ್ಟು ಕೂಡಲೇ ಡಾಕ್ಟರನ್ನು ಕಾಣಿ.

ಸ್ಲೀಪ್ ಸ್ಟಡಿಗೆ ಹೋಗುವ ಮುನ್ನ

* ಅಂದು ತಲೆಗೆ ಸ್ನಾನ ಮಾಡಿ, ಎಣ್ಣೆ ಹಚ್ಚಬೇಡಿ. ತಂತಿ ಅಂಟುವುದಿಲ್ಲ.
* ಉಗುರಿನ ಬಣ್ಣ ತೆಗೆಯಿರಿ. ಬೆರಳ ತುದಿಗೆ ಮೆಹಂದಿ ಇದ್ದರೆ ಮೊದಲೇ ಹೇಳಿ.
* ಮಧ್ಯಾಹ್ನದ ಮೇಲೆ ಕಾಫಿ, ಟೀ ಬೇಡ. ಹಗಲು ನಿದ್ದೆಯೂ ಬೇಡ.
* ನುಂಗುವ ಎಲ್ಲ ಮಾತ್ರೆಗಳ ಪಟ್ಟಿ ಒಯ್ಯಿರಿ. ಯಾವುದನ್ನೂ ಕೇಳದೆ ನಿಲ್ಲಿಸಬೇಡಿ.
* ಸಡಿಲ ಬಟ್ಟೆ, ನಿಮ್ಮದೇ ದಿಂಬು ಇರಲಿ.
* ಕೋಣೆಯಲ್ಲಿ ಕ್ಯಾಮೆರಾ ಇರುತ್ತದೆ. ಮಹಿಳಾ ಟೆಕ್ನಿಷಿಯನ್ ಇದ್ದಾರೆಯೇ, ಮನೆಯವರೊಬ್ಬರು ಉಳಿಯಬಹುದೇ ಎಂದು ಮೊದಲೇ ಕೇಳಿಕೊಳ್ಳಿ.

ಮನೆಯವರ ಬಿ.ಪಿ., ಶುಗರ್, ಮಕ್ಕಳ ಮಾರ್ಕ್ಸ್ ಎಲ್ಲ ನಿಮಗೆ ಬಾಯಿಪಾಠ. ನಿಮ್ಮ ನಿದ್ದೆಯ ಲೆಕ್ಕವನ್ನೂ ಎರಡು ವಾರ ಬರೆದು ನೋಡಿ. "ನಿದ್ದೆ ಬರಲ್ಲ" ಎಂದರೆ ಯಾರೂ ಕಿವಿಗೆ ಹಾಕಿಕೊಳ್ಳದಿರಬಹುದು. "ಹದಿನಾಲ್ಕು ರಾತ್ರಿಯಲ್ಲಿ ಒಂಬತ್ತು ರಾತ್ರಿ ಐದು ಗಂಟೆಗಿಂತ ಕಡಿಮೆ ಮಲಗಿದ್ದೀನಿ, ನೋಡಿ" ಎಂದು ಹಾಳೆ ಮುಂದಿಟ್ಟರೆ ಡಾಕ್ಟರೂ ಕೇಳುತ್ತಾರೆ, ಮನೆಯವರೂ ಕೇಳುತ್ತಾರೆ. ಇವತ್ತು ರಾತ್ರಿ ದಿಂಬಿನ ಪಕ್ಕ ಒಂದು ನೋಟ್‌ಬುಕ್, ಪೆನ್ನು ಇಟ್ಟು ಮಲಗಿ.